ಪ್ರಾಣಿಯಾಗಿದ್ದರೆ ಯಾವ ಪ್ರಾಣಿ

ಫ್ಯಾನಿನ ಗಾಳಿ ಮತ್ತೆ ಈ ಕಡೆಗೇ ತಿರುಗುತ್ತಿದೆ, ಹಾಳಾದ್ದು, ಎಡಗಡೆಯ ಕೂದಲು ಹಾರುತ್ತದೆ, ಕೈಯಿಂದ ಒತ್ತಿ ಹಿಡಿ, ನಾಚಿಕೊಳ್ಳುವವಳ ಹಾಗೆ ಒತ್ತಿ ಹಿಡಿ — ಮ್ಯಾನೇಜರ್ ಮುರುಗೇಶ್ ಸರ್ ಏನೋ ಕೇಳಿದರು, ಹೊಲಿಗೆ ಲೈನಿನ ಬಗ್ಗೆ ಕೇಳುತ್ತಾರೆ ಅಂತ ಐಮಂಗಲದಿಂದ ದುರ್ಗದ ತನಕ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಈಯಪ್ಪ ಕೇಳಿದ್ದು ನೀವು ಪ್ರಾಣಿ ಆಗಿದ್ರೆ ಯಾವ ಪ್ರಾಣಿ ಆಗ್ತಿದ್ರಿ ಮೋನಿಕಾ. ಪ್ರಾಣಿ! ಗಾರ್ಮೆಂಟ್ಸಿನ ಸೂಪರ್‌ವೈಸರ್ ಕೆಲಸಕ್ಕೆ ಪ್ರಾಣಿ ಯಾಕೆ ಬೇಕು. ಪಕ್ಕದಲ್ಲಿ ಸಹನಾ ಮೇಡಂ ಪೆನ್ನು ತಿರುಗಿಸುತ್ತ ನಗುತ್ತಿದ್ದಾಳೆ, ತಪ್ಪು ಉತ್ತರ ಅಂತ ಯಾವುದೂ ಇಲ್ಲ, ಮನಸ್ಸಿಗೆ ಬಂದದ್ದು ಹೇಳಿ, ಕ್ಯಾಂಡಿಡೇಟು ಒಳಗಿಂದ ಹೇಗಿದ್ದಾರೆ ಅಂತ ಇದರಲ್ಲೇ ಗೊತ್ತಾಗುತ್ತೆ. ಒಳಗಿಂದ ನೋಡಬೇಕಂತೆ. ನೋಡು ತಾಯಿ, ಬಾಯಿ ತೆರೆಯುತ್ತೇನೆ, ಇಳಿದು ನೋಡು. ನನಗಿಂತ ಮುಂಚೆ ಬಂದವನು ಹುಲಿ ಅಂದ, ಬಾಗಿಲಾಚೆ ಕೇಳಿಸಿತು, ಯಾಕಂತ ಈಗ ತಿಳಿಯಿತು, ಶಭಾಷ್ ಅಂದರು ಸರ್, ನಾನೂ ಹುಲಿ ಅಂದು ಎದ್ದು ಹೋಗಲೇ, ಎಲ್ಲಿಗೆ ಹೋಗಲಿ, ಬಟ್ಟೆಯ ಗಂಟು ಗೇಟಿನಲ್ಲಿ ಇಟ್ಟಿದ್ದೇನೆ, ಕೆಲಸ ಸಿಕ್ಕರೆ ಇವತ್ತೇ ಹಾಸ್ಟೆಲಿನಲ್ಲಿ ರೂಮು, ಸಿಗದಿದ್ದರೆ ಸಂಜೆಯ ಬಸ್ಸು, ಬಸ್ಸಿಳಿದರೆ ಕನಕರಾಜ, ಕಟ್ಟಿಕೊಂಡ ಗಂಡ, ಗಂಟು ಕಂಡರೆ ಈ ಸಲ ಕಿವಿಗೇ ನಿಲ್ಲಿಸುವವನಲ್ಲ, ಕುತ್ತಿಗೆಗೆ ಹಾಕುತ್ತಾನೆ.

ಕುರಿ ಅನ್ನಬೇಕು. ನಾಲಿಗೆಯ ತುದಿಯಲ್ಲಿದೆ. ಕುರಿ ಸರ್, ಹೆಣ್ಣುಕುರಿ, ಗುರುತು ಹಾಕಿದ್ದು. ಅವತ್ತು ರೊಪ್ಪದಲ್ಲಿ, ಕುರಿ ಕೂಡುವ ಬೇಲಿಯೊಳಗೆ, ಅವನು ಮರಿಗಳಿಗೆ ಗುರುತು ಹಾಕುತ್ತಿದ್ದಾನೆ, ಮರಿಯ ತಲೆಯನ್ನು ಮಂಡಿಗಳ ನಡುವೆ ಅದುಮಿ, ಎಡಗಿವಿ ಮಡಚಿ, ಕತ್ತರಿಯಿಂದ ಒಂದು ಕಚ್ಚು, ಮಂದೆಗೆ ಮಂದೆ ಬೆರೆತರೂ ಯಾರ ಕುರಿ ಅಂತ ಕಿವಿ ನೋಡಿದರೆ ಸಾಕು — ನನ್ನ ಫೋನು ಬಡಿದುಕೊಂಡಿತು, ಇದೇ ಸಹನಾ ಮೇಡಂ, ಮುಂದಿನ ತಿಂಗಳು ಇಂಟರ್‌ವ್ಯೂಗೆ ಬನ್ನಿ, ಹೂಂ ಮೇಡಂ ಅಂದೆ, ಅಷ್ಟೇ ನಾನು ಅಂದದ್ದು. ಎಲ್ಲಿಗೆ ಹೊಂಟಿದೀಯ ಲೇ, ಯಾರನ್ನ ಕೇಳಿ ಹೊಂಟಿದೀಯ, ಜಡೆ ಹಿಡಿದು ಎಳೆದ, ನನ್ನ ಕೆನ್ನೆ ಹಿಕ್ಕೆಯ ಮೇಲೆ, ಅವನ ಮಂಡಿ ನನ್ನ ಕತ್ತಿನ ಮೇಲೆ, ಉಸಿರಿಲ್ಲ, ಉಣ್ಣೆಯ ನಾತ, ಮರಿಗಳ ರಕ್ತ ಇನ್ನೂ ಒಣಗದ ಕತ್ತರಿ, ಹೋಗು, ಎಲ್ಲಿಗಾದ್ರೂ ಹೋಗು, ಯಾರದು ಅಂತ ಕಂಡೋರಿಗೆ ಗೊತ್ತಾಗ್ಬೇಕಲ್ಲ — ಕಚ್ — ನೋವಿಗಿಂತ ಮೊದಲು ಸದ್ದು, ಕಿವಿಯೊಳಗೇ ಸದ್ದು, ಕೆಳಗೆ ಬಿದ್ದ ಚೂರನ್ನು ಕೋಳಿ ಕುಕ್ಕಿಕೊಂಡು ಓಡಿತು. ಅತ್ತೆ ಬರಗೇರಮ್ಮ ಅರಿಶಿಣ ತಂದಳು, ಸುಮ್ನಿರವ್ವ, ಅಳಬ್ಯಾಡ, ಮರಿಗುಳಿಗೂ ಹಿಂಗೇ ಹಚ್ಚೋದು, ಜಲ್ದಿ ಮಾಯ್ತೈತೆ. ಮಾಯಿತು ಅತ್ತೆ, ಚೆನ್ನಾಗಿ ಮಾಯಿತು.

ಮೇಜಿನ ಮೇಲೆ ಬಟ್ಟೆ ಕತ್ತರಿಸುವ ಕತ್ತರಿ, ಉದ್ದನೆಯದು, ಸ್ಯಾಂಪಲ್ ತುಂಡುಗಳ ಮೇಲೆ ಬಾಯಿ ಬಿಟ್ಟುಕೊಂಡು ಬಿದ್ದಿದೆ, ಕೈ ಚಾಚಿದರೆ ಸಿಗುತ್ತದೆ. ಅವನು ಕುಡಿದು ಮಲಗಿದಾಗ ಎದೆಯ ಮೇಲೆ ಮಂಡಿಯೂರಿ ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು, ಆಮೇಲೆ ಮೂಗು, ಕೂಗಲಿ, ಊರೆಲ್ಲ ಕೇಳುವ ಹಾಗೆ ಕೂಗಲಿ, ಥೂ, ಎಂಥ ಆಸೆ, ಆದರೂ ಬೆರಳು ಆಗಲೇ ಮಡಚಿಕೊಂಡಿವೆ. ಹೇಳ್ರಿ ಮೋನಿಕಾ, ಯೋಚ್ನೆ ಮಾಡಿದ್ರೆ ಕೆಟ್ಟೋಗ್ತೈತೆ, ಥಟ್ ಅಂತ ಹೇಳ್ರಿ. ತೋಳ ಅಂದೆ. ತೋಳಾನಾ? ಹೂಂ ಸರ್. ಯಾಕ್ರಿ ತೋಳ? ಅದ್ರ ಕಿವಿಗೆ ಯಾರೂ ಕತ್ರಿ ಹಾಕಲ್ಲ ಸರ್. ನಕ್ಕರು, ಮೇಜು ಬಡಿದು ನಕ್ಕರು, ನಮ್ಮಪ್ಪನಾಣೆ, ಬೆಳಗ್ಗಿಂದ ಹುಲಿ ಸಿಂಹ ಕೇಳಿ ತಲೆ ಕೆಟ್ಟಿತ್ತು, ಇವರನ್ನ ತಗಳ್ರಿ ಮೇಡಂ, ಲೈನ್ ನಡ್ಸೋಕೆ ಇಂಥೋರೇ ಬೇಕು. ಸಿಕ್ಕಿತು. ಅಯ್ಯೋ ಸಿಕ್ಕಿತು, ರೂಮು, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ನನ್ನದೇ ಚಿಲಕ — ಮೇಡಂ ಮೊಬೈಲ್ ಹಿಡಿದು ಎದ್ದಳು, ಐಡಿ ಕಾರ್ಡಿಗೆ ಫೋಟೋ, ಕೂದಲು ಹಿಂದಕ್ಕೆ ಕಟ್ಟಿಕೊಳ್ಳಿ, ಮೆಷಿನ್ ಹತ್ರ ಹೀಗೆ ಬಿಡೋ ಹಾಗಿಲ್ಲ, ಎರಡೂ ಕಿವಿ ಕಾಣಬೇಕು. ಕಟ್ಟಲ್ಲ ಅಂದರೆ ರೂಮಿಲ್ಲ. ಕಟ್ಟಿದೆ. ತಲೆ ಸಿಡಿಯುವಷ್ಟು ಬಿಗಿಯಾಗಿ ಕಟ್ಟಿ ಮುಖ ಎತ್ತಿದೆ, ತೆಗೀರಿ ಮೇಡಂ ಅಂದೆ, ಸರ್ ನಗು ನಿಂತುಹೋಗಿದೆ, ಮೇಡಂ ಕೈ ಅರ್ಧಕ್ಕೇ ನಿಂತಿದೆ, ತೆಗೀರಿ ಅಂತೀನಲ್ಲ, ಯಾಕೆ ಇಬ್ಬರೂ ಹಾಗೆ ನೋಡುತ್ತಿದ್ದಾರೆ, ಒಳಗಿಂದ ನೋಡಬೇಕು ಅಂದಿದ್ದು ನೀವೇ ತಾನೇ, ನೋಡಿ, ಕಿವಿ ಸರ್, ಕಿವಿ, ಕಿವಿಯಲ್ಲಿ ಕಚ್ಚು, ಕಚ್ಚು —