ಎರಡಕ್ಷರದ ಮಾಜಿ

ಸ್ಮಶಾನದ ಮುಂದಿನ ಸಾಲೆಲ್ಲ ಅಧಿಕಾರದಲ್ಲಿದ್ದವರದೇ. ಅವರ ಸಮಾಧಿಗಳಿಗೆ ಹೆಸರು ಕೆತ್ತಿ ಕೆತ್ತಿ, ಕಲ್ಕುಟಿಗನಿಗೆ ‘ಮಾಜಿ’ ಎಂಬ ಪದ ಕಣ್ಣು ಮುಚ್ಚಿದರೂ ಕೈಗೆ ಬರುತ್ತಿತ್ತು. ಚುನಾವಣೆ ಸೋತ ಎಂಟು ವರ್ಷಕ್ಕೆ ತೀರಿಕೊಂಡ ನಗರಸಭೆ ಅಧ್ಯಕ್ಷರ ಕಲ್ಲಿಗೂ ಅದನ್ನೇ ಕೆತ್ತಿದ್ದ. ಅವರ ಮಗ ನೋಡಿ ಕೆಂಡವಾದ.

“ಸತ್ತ ಮೇಲೂ ಮಾಜಿನಾ? ಅಳಿಸ್ರೀ ಅದನ್ನ!”

ಕಲ್ಕುಟಿಗನಿಗೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. “ಅಳಿಸೋಕೆ ಇದೇನು ಸ್ಲೇಟಾ ಸ್ವಾಮಿ? ಇಲ್ಲಿ ಮಲಗಿರೋರಲ್ಲಿ ಹಾಲಿ ಯಾರಿದ್ದಾರೆ, ತೋರಿಸಿ ನೋಡೋಣ.”

ಅಧ್ಯಕ್ಷರ ಹೆಂಡತಿ ಮಗನ ಹಿಂದಿನಿಂದ ಮುಂದೆ ಬಂದು, ಆ ಎರಡಕ್ಷರದ ಮೇಲಿನ ಕಲ್ಲುಪುಡಿಯನ್ನು ಅಂಗೈಯಿಂದ ಒರೆಸಿದರು.

“ಇರ್ಲಿ ಬಿಡಪ್ಪಾ,” ಎಂದರು ಮಗನಿಗೆ. “ಅಧ್ಯಕ್ಷರಾಗಿದ್ದಾಗ ಒಂದಿನ ನಮ್ಮ ಜೊತೆ ಕೂತು ಉಂಡೋರಲ್ಲ. ಮಾಜಿ ಆದ್ಮೇಲೇ ಅಲ್ವಾ ನಿಮ್ಮಪ್ಪ ಮನೆಗೆ ಬಂದಿದ್ದು?”