ಮೊದಲ ಅಳು

ಅಹುನ್ನಾ ಅವ್ವನ ಕಾಲಿನ ಹಿತ್ತಾಳೆ ಕಡಗಗಳ ನಡುವೆ ಹಳೇ ಬಟ್ಟೆಯ ಚೂರು ತುರುಕುತ್ತಿದ್ದಳು. ಒಂದೊಂದು ಕಾಲಿಗೆ ಎರಡೆರಡು ಕಡಗ. ಹೆಣ ಎತ್ತಿಕೊಂಡು ಹೋಗುವಾಗ ಒಂದಕ್ಕೊಂದು ತಾಗಿ ಸದ್ದಾಗಬಾರದು. ತುರುಕಿದ ಮೇಲೆ ಆ ತಣ್ಣನೆಯ ಕಾಲನ್ನು ಮೆಲ್ಲಗೆ ಅಲ್ಲಾಡಿಸಿ ಕಿವಿಗೊಟ್ಟಳು. ಸದ್ದಿಲ್ಲ.

ಹೊರಗೆ ಒಣಗಾಳಿಯ ದೂಳಿನಲ್ಲಿ ಸೂರ್ಯ ಬೂದಿ ಬಳಿದುಕೊಂಡಂತಿದ್ದ. ಹಿಂದಿನ ದಿನ ಒವೆರಿ ಪಟ್ಟಣ ಶತ್ರುಸೈನ್ಯದ ಕೈಗೆ ಬಿದ್ದಿತ್ತು. ಬೇರೆ ದೇಶವಾಗಲು ಹೊರಟು ಯುದ್ಧಕ್ಕಿಳಿದಿದ್ದ ಬಿಯಾಫ್ರಾದ ಕೊನೆಯ ರಾಜಧಾನಿ ಅದು. ಅಲ್ಲಿಂದ ಬರುವ ರಸ್ತೆ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಚಿಕ್ಕಪ್ಪ ಒಪಾರಾ ಬಾಗಿಲ ಸಂದಿಯಿಂದ ಆ ಕಡೆಯೇ ನೋಡುತ್ತಿದ್ದ.

"ರೇಡಿಯೋದಲ್ಲಿ ನಾವಿನ್ನೂ ಗೆಲ್ತಾನೇ ಇದ್ದೀವಂತೆ" ಎಂದಳು ಪಕ್ಕದ ಮನೆಯ ಎಜಿನ್ನೆ, ಹೆಣಕ್ಕೆ ಚಾಪೆ ಸುತ್ತುತ್ತಾ.

"ಗೆಲ್ತಾ ಇದ್ರೆ ನಿನ್ನೆ ನಮ್ಮ ಮಂಚದ ಕೆಳಗ್ಯಾಕೆ ತೂರ್ಕೊಂಡಿದ್ದೆ?" ಎಂದ ಒಪಾರಾ.

"ನನಗಿಂತ ಮೊದ್ಲು ನೀನೇ ಅಲ್ಲಿದ್ಯಲ್ಲೋ, ಮಾರಾಯ. ಜಾಗ ಬಿಟ್ಟಿದ್ಯಾ ಮತ್ತೊಬ್ರಿಗೆ?"

ಯಾರೂ ನಗಲಿಲ್ಲ. ಹೆಣ ಹೊರಲು ಬಂದಿದ್ದ ಇಬ್ಬರು ಮುದುಕರು ಗೋಡೆಗೊರಗಿ ಕೂತಿದ್ದರು.

"ಚಿಕ್ಕಪ್ಪಾ, ಒಂದೇ ಸಲ ಕೂಗಿ ಅಳ್ತೀನಿ" ಎಂದಳು ಅಹುನ್ನಾ. "ಅವ್ವನಿಗೆ ಮಾತು ಕೊಟ್ಟಿದೀನಿ."

"ಹುಚ್ಚೀನಾ ನೀನು? ಸಿಪಾಯಿಗಳು ಹೆಣ್ಣುಮಕ್ಕಳನ್ನ ಲಾರಿಗೆ ಹತ್ತಿಸ್ಕೊಂಡು ಹೋಗ್ತಾರಂತೆ. ಹತ್ತೊಂಬತ್ತರ ಹುಡುಗಿ ಇಲ್ಲಿದಾಳೆ, ಬನ್ನಿ ಅಂತ ನಾವೇ ಕರೀಬೇಕಾ? ಬಾಯಿ ಮುಚ್ಕೊಂಡಿರು."

ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ.

*

ಅಹುನ್ನಾಳ ಅವ್ವ ಓಯಿರಿದಿಯಾ ಮರಗೆಣಸು ಬೆಳೆದಳು, ತಾಳೆಎಣ್ಣೆ ತೆಗೆದಳು, ಐವರನ್ನು ಹೆತ್ತು ಒಬ್ಬಳನ್ನು ಉಳಿಸಿಕೊಂಡಳು. ಇದೆಲ್ಲ ಊರಿನ ಎಲ್ಲ ಹೆಂಗಸರೂ ಮಾಡಿದ್ದೇ. ಅವಳಿಗೆ ಹೆಸರು ಬಂದದ್ದು ಅಳುವುದರಲ್ಲಿ. ಯಾರ ಮನೆಯಲ್ಲಿ ಸಾವಾದರೂ ಅವಳಿಗೆ ಹೇಳಿಕಳಿಸುತ್ತಿದ್ದರು. ಅವಳು ದನಿ ಎತ್ತಿದರೆ ಹೊಳೆಯಾಚೆ ಬಟ್ಟೆ ಒಗೆಯುವವರೂ ಕೈ ನಿಲ್ಲಿಸುತ್ತಿದ್ದರು.

ಮಗಳಿಗೆ ಮಾತ್ರ ದನಿಯೇ ಇರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದಾಗ ಇವಳ ಉತ್ತರ ಮುಂದಿನ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಯುದ್ಧ ಬಂದು ಶಾಲೆ ಮುಚ್ಚಿದ ದಿನ ಅವಳು ಒಳಗೊಳಗೇ ಹಗುರಾಗಿದ್ದಳು.

"ಗಂಟಲಲ್ಲಿ ಹತ್ತಿ ತುಂಬ್ಕೊಂಡಿದೀಯೇನೇ?" ಗೆಣಸಿನ ಹೊಲದಲ್ಲಿ ನಿಲ್ಲಿಸಿಕೊಂಡು ಅವ್ವ ಕೇಳಿದ್ದಳು. "ಎಲ್ಲಿ, ನಾನು ಸತ್ತೆ ಅಂದ್ಕೋ. ಕೂಗು."

ಅಹುನ್ನಾ ಕೂಗಿದಳು.

"ಇದಕ್ಕೆ ಕೋಳಿಮರೀನೂ ತಿರುಗಿ ನೋಡಲ್ಲ!" ಅವ್ವ ಸೊಂಟ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಮೊದಲ ಅಳು ಮಗಳದ್ದು ಕಣೇ. ಅದು ಕಿವಿಗೆ ಬೀಳೋವರೆಗೂ ಸತ್ತವಳಿಗೆ ತಾನು ಸತ್ತಿದ್ದೇ ತಿಳಿಯಲ್ಲ. ನೀನು ಅಳದಿದ್ರೆ ಅಂಗಳದಲ್ಲೇ ಕೂತಿರ್ತೀನಿ, ಊಟಕ್ಕೆ ಯಾವಾಗ ಕರೀತಾಳೋ ಅಂತ."

"ಅಳ್ತೀನವ್ವಾ."

"ಜೋರಾಗಿ?"

"ಜೋರಾಗಿ."

*

ಗುಂಡಿ ತೋಡಲು ಹೊತ್ತಿರಲಿಲ್ಲ. ಹಿತ್ತಲಲ್ಲಿ, ವಿಮಾನ ಬಂದಾಗಲೆಲ್ಲ ತಾಯಿ ಮಗಳು ಅಡಗುತ್ತಿದ್ದ ಕಂದಕವೇ ಇತ್ತು. ಅದರೊಳಗೇ ಓಯಿರಿದಿಯಾಳನ್ನು ಇಳಿಸಿದರು. ಇಳಿಸುವಾಗ ಬಟ್ಟೆಯ ಚೂರೊಂದು ಜಾರಿ ಕಡಗ ಟಿಣ್ ಎಂದಿತು. ಐದೂ ಮಂದಿ ನಿಂತಲ್ಲೇ ಕಲ್ಲಾದರು.

ಆಗ ರಸ್ತೆಯಲ್ಲಿ ಲಾರಿ ನಿಂತ ಸದ್ದು ಕೇಳಿಸಿತು.

ಎಜಿನ್ನೆ ಉಟ್ಟ ಬಟ್ಟೆ ಎತ್ತಿಕಟ್ಟಿ ಪೊದೆಗಳತ್ತ ಓಡಿದಳು, ಮುದುಕರಿಬ್ಬರೂ ಅವಳ ಹಿಂದೆ. ಒಪಾರಾ ಅಹುನ್ನಾಳ ರಟ್ಟೆ ಹಿಡಿದು, "ಇಳಿ" ಎಂದ. "ಎಲ್ಲಿಗೆ?" ಎಂದಳು ಅವಳು. ಅಡಗುವುದಕ್ಕೆ ಇದ್ದ ಜಾಗ ಅದೊಂದೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಅವ್ವನ ಪಕ್ಕಕ್ಕೆ ಇಳಿದು ಮಲಗಿದಳು. ಮೇಲೆ ತಾಳೆಗರಿ ಬಿತ್ತು, ಗರಿಗಳ ಮೇಲೆ ಎರಡು ಬೊಗಸೆ ಮಣ್ಣು. ಕತ್ತಲೆ. ಅವಳು ಕಡಗಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

ಬೂಟುಗಳು ಬಂದವು.

"ಇದರಲ್ಲೇನಿದೆ?" ಯಾರೋ ಸಿಪಾಯಿ ಇವರ ಭಾಷೆಯನ್ನೇ ಮುರುಕು ಮುರುಕಾಗಿ ಆಡಿದ.

"ಹೆಣ, ಸ್ವಾಮಿ. ನಮ್ಮತ್ತಿಗೆ. ಇವತ್ತೇ ಹೋದ್ಲು."

"ಹೆಣವಂತೆ! ಮನೇಲಿ ಸಾವಾದ್ರೆ ನಿಮ್ಮ ಜನ ಮೂರೂರಿಗೆ ಕೇಳೋ ಹಾಗೆ ಅಳ್ತೀರಲ್ಲ. ಎಲ್ಲಿ, ಅಳೋರು? ಬಂದೂಕು ಹೂತಿದೀಯಾ? ಇಲ್ಲಾ, ಮನುಷ್ಯರನ್ನಾ?"

"ಇಲ್ಲ ಸ್ವಾಮಿ, ದೇವರಾಣೆ—"

ಖಟಕ್ ಎಂದು ಬಂದೂಕಿನ ಕೀಲು ಎಳೆದ ಸದ್ದಾಯಿತು. ಗರಿಗಳ ಸಂದಿಯಿಂದ ಒಂದು ಹಿಡಿ ಮಣ್ಣು ಉದುರಿ ಅವಳ ಮುಖದ ಮೇಲೆ ಬಿತ್ತು.

"ಸ್ವಾಮಿ, ನಿಲ್ಲಿ! ಒಳಗೆ ಮಗಳಿದಾಳೆ, ಅವಳ ಮಗಳು. ಭಯಕ್ಕೆ ಅಡಗಿದಾಳೆ. ನೀವೇ ಕೇಳಿಸ್ಕೊಳ್ಳಿ..." ಒಪಾರಾ ಮಂಡಿಯೂರಿದ್ದಿರಬೇಕು. ಅವನ ದನಿ ಗರಿಗಳಿಗೆ ತೀರಾ ಹತ್ತಿರ ಬಂತು. "ಅಹುನ್ನಾ, ಅಳಮ್ಮಾ."

ಅವಳು ಬಾಯಿ ತೆರೆದಳು. ನಾಲಗೆಯ ಮೇಲೆ ಮಣ್ಣಿತ್ತು. ಎದೆಯಿಂದ ಎದ್ದದ್ದು ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಪಕ್ಕದಲ್ಲಿ ಅವ್ವ, ಚಾಪೆಯೊಳಗೆ, ಇನ್ನೂ ಕಾಯುತ್ತಿದ್ದಳು.

"ಜೋರಾಗಿ, ಮಗಳೇ" ಎಂದ ಮೇಲಿನಿಂದ ಚಿಕ್ಕಪ್ಪ. "ಒಂದೇ ಸಲ."