ಹದಿನೆಂಟು ಡಿಗ್ರಿ

ಗುಣಪಾಲನಿಗೆ ಸಾಕುಸಾಕಾಗಿತ್ತು. ದುಬೈಯ ಔಷಧ ಕಂಪೆನಿಯೊಂದರ ಲ್ಯಾಬಿನಲ್ಲಿ ಮೂರು ವರ್ಷದಿಂದ ಅವನದ್ದು ಒಂದೇ ಕೆಲಸ: ನೀರಿನಲ್ಲಿ ಕರಗಲು ಒಪ್ಪದ ಹಠಮಾರಿ ಮದ್ದೊಂದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಹನಿಗಳಲ್ಲಿ ಅಡಗಿಸಿ, ಮಕ್ಕಳು ಕುಡಿಯುವಂಥ ತಿಳಿಯಾದ ಔಷಧ ಮಾಡುವುದು. ಮೈಕ್ರೋಎಮಲ್ಷನ್ ಎಂದು ದೊಡ್ಡ ಹೆಸರು. ಮಾಡುವವನ ಪಾಲಿಗೆ ಎಣ್ಣೆ, ನೀರಿನ ಜಗಳ ಬಿಡಿಸುವ ಪಂಚಾಯಿತಿ. ಮೂವತ್ತೇಳು ಮಿಶ್ರಣಗಳು ಕೈಕೊಟ್ಟಿದ್ದವು. ಮೂವತ್ತೆಂಟನೆಯದು ನಲವತ್ತು ಡಿಗ್ರಿ ಶಾಖದಲ್ಲಿ ಆರು ತಿಂಗಳು ಕೂತರೂ ಕದಡಿರಲಿಲ್ಲ. ಇವತ್ತು ಹನ್ನೊಂದಕ್ಕೆ ಡೈರೆಕ್ಟರ್ ಥಾಮಸ್ ಅದಕ್ಕೆ ಸಹಿ ಹಾಕಿದರೆ ಕೆಲಸ ಉಳಿಯುತ್ತದೆ. ಇಲ್ಲವಾದರೆ ತಿಂಗಳ ಕೊನೆಗೆ ವೀಸಾ ಕ್ಯಾನ್ಸಲ್. ಐವತ್ತೆರಡರಲ್ಲಿ ಹೊಸ ಕೆಲಸ ಯಾರು ಕೊಡುತ್ತಾರೆ?

ಹತ್ತೂವರೆಗೆ ಸಹಾಯಕಿ, ಉಳ್ಳಾಲದ ಶಿಫಾನಾ, ಬಾಟಲಿ ಹಿಡಿದು ಓಡಿಬಂದಳು.

"ಸರ್, ನಿನ್ನೆಯೇ ಇದನ್ನು ಮೀಟಿಂಗ್ ರೂಮಲ್ಲಿ ಇಟ್ಟಿದ್ದೆ. ಈಗ ನೋಡಿ, ಎಂತದೋ ಬೆಳ್ಳಗೆ ಆಗಿದೆ."

"ಏಸಿ ಎಷ್ಟರಲ್ಲಿತ್ತು?"

"ಹದಿನೆಂಟು. ಇಲ್ಲಿ ಎಲ್ಲರ ಮನೆಯಲ್ಲೂ ಅಷ್ಟೇ ಅಲ್ವಾ?"

ಗುಣಪಾಲನಿಗೆ ಕಾರಣ ಗೊತ್ತಾಯಿತು. ಮಿಶ್ರಣದ ಎಣ್ಣೆ ತೆಂಗಿನದ್ದು. ಮಿರ್ದಿಫ್‌ನ ಮನೆಯಲ್ಲಿ ಹೆಂಡತಿ ಅಮ್ಮಣ್ಣಿ ಗಟ್ಟಿಯಾದ ತೆಂಗಿನೆಣ್ಣೆಯನ್ನು ಬಿಸಿನೀರಲ್ಲಿಟ್ಟು ಕರಗಿಸಿಯೇ ತಲೆಗೆ ಹಚ್ಚುವುದು. ಅವನು ದಿನಾ ಕಂಡದ್ದೇ. ಆದರೂ ಗಲ್ಫಿನ ಬಿಸಿಲಿಗೆ ಹೆದರಿ ಶಾಖದ ಪರೀಕ್ಷೆಯನ್ನೇ ಮಾಡುತ್ತ, ತಂಪಿನದ್ದನ್ನು ಆಮೇಲೆ ನೋಡೋಣವೆಂದು ಮುಂದೂಡಿದ್ದ. ಇಲ್ಲಿನ ಜನ ಬಾಳುವುದು ಏಸಿಯ ಚಳಿಯಲ್ಲಿ ಎಂದು ಹೊಳೆಯಲಿಲ್ಲವಲ್ಲ, ಅವನ ಬುದ್ಧಿಗಿಷ್ಟು ಬೆಂಕಿ ಹಾಕ!

"ಕೈಯಲ್ಲಿ ಹಿಡ್ಕೊಳ್ಳಿ ಸರ್, ಬೆಚ್ಚಗಾದ್ರೆ ತಿಳಿ ಆಗ್ತದೆ. ಅಷ್ಟರಲ್ಲಿ ಮೀಟಿಂಗ್ ಖಲಾಸ್."

ಹಿಡಿದುಕೊಂಡ. ತಿಳಿಯಾಯಿತು ಕೂಡ. ಆದರೆ ತಳದಲ್ಲಿ ಉಪ್ಪಿನ ಹುಡಿಯಷ್ಟು ಏನೋ ಉಳಿಯಿತು. ಎಣ್ಣೆ ಕೈಬಿಟ್ಟ ಮದ್ದು ಅದು, ಮತ್ತೆ ಕರಗಲಿಲ್ಲ. ಹೀಗಾದರೆ ಬಾಟಲಿಯ ಮೊದಲ ಚಮಚದಲ್ಲಿ ಮದ್ದೇ ಕಮ್ಮಿ, ಕೊನೆಯ ಚಮಚ ಕುಡಿದ ಮಗುವಿನ ಗತಿ ದೇವರೇ ಬಲ್ಲ.

ಮೀಟಿಂಗಿನಲ್ಲಿ ಥಾಮಸ್ ಬಾಟಲಿಯನ್ನು ದೀಪಕ್ಕೆ ಹಿಡಿದರು. "ಬ್ಯೂಟಿಫುಲ್, ಗುಣಪಾಲ್!" ಎಂದು ಪೆನ್ನು ತೆಗೆದರು. ಗುಣಪಾಲನಿಗೆ ಒಂದು ಕ್ಷಣ ನಿಜವಾಗಿಯೂ ಖುಷಿಯಾಯಿತು. ಆ ಖುಷಿಗೇ ನಾಚಿಕೆಯಾಯಿತು.

"ಸಹಿ ಬೇಡ ಸರ್," ಎಂದ. "ತಳ ನೋಡಿ."

ಥಾಮಸ್ ನೋಡಿದರು. ಸರಿಪಡಿಸಲು ಎಷ್ಟು ದಿನ ಬೇಕೆಂದು ಕೇಳಿದರು. ಬೇರೆ ಎಣ್ಣೆ, ಮತ್ತೆ ಆರು ತಿಂಗಳು ಎಂದ. ಅಷ್ಟು ಸಮಯ ನಿಮಗೆ ಕೊಡಿಸಲು ನನ್ನಿಂದಾಗದು ಎಂದು ಅವರು ಮೆಲ್ಲಗೆ ಹೇಳಿ ಪೆನ್ನನ್ನು ಜೇಬಿಗಿಟ್ಟರು.

ಲ್ಯಾಬಿಗೆ ಬಂದಾಗ ಶಿಫಾನಾ ಸಿಟ್ಟಾದಳು. "ಸುಮ್ಮನೆ ಕೂತ್ಕೊಳ್ಳಿಕ್ಕೆ ಎಂತ ಆಗಿತ್ತು ನಿಮ್ಗೆ?"

"ಆಮೇಲೆ ದಿನಾ ಸುಮ್ಮನೆ ಕೂತ್ಕೊಳ್ಬೇಕಲ್ಲ ಮಾರಾಯ್ತಿ. ಅಷ್ಟು ತ್ರಾಣ ನನ್ನಲ್ಲಿಲ್ಲ."

ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಗುಣಪಾಲ ಬೇರೆ ಎಣ್ಣೆಯನ್ನು ಅಳೆದು ಹೊಸ ಮಿಶ್ರಣ ಶುರುಮಾಡಿದ. ಲೇಬಲ್ಲಿನ ಮೇಲೆ ಮೂವತ್ತೊಂಬತ್ತು ಎಂದು ಬರೆದು, ಪ್ರಯೋಗ ಮಾಡುವವರ ಹೆಸರಿನ ಜಾಗದಲ್ಲಿ ಶಿಫಾನಾ ಎಂದು ತುಂಬಿದ.